ಜಂಬಿಯ ಬೆರಳಿನ ಹಾಡು

ಮದರಾಸು
18–11–1954

ಹುಸೇನಮ್ಮನಿಗೆ ಚಂದ್ರಣ್ಣನ ನಮಸ್ಕಾರ.

ನಾನಿಲ್ಲಿಗೆ ಬಂದು ತಿಂಗಳ ಮೇಲಾಯಿತು. ಹಾಡಿನ ಗ್ರಾಮಫೋನ್ ಪ್ಲೇಟು ತಯಾರಿಸುವ ಒಂದು ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಕೆಲಸ ಸಿಕ್ಕಿದೆ. ನಮ್ಮಪ್ಪ ಬಳ್ಳಾರಿಯಿಂದ ಬರೆಯುವ ಕಾಗದಗಳಲ್ಲಿ ಇನ್ನೂ ಬರೀ ಬೈಗುಳ. ಹತ್ತಿ ಖರೀದಿಗೆಂದು ಆದವಾನಿಗೆ ಕಳಿಸಿದ ಮಗ ಬಯಲಾಟ ಕಲಿಸುವವರ ಜಗಲಿಯಲ್ಲಿ ಕೂತು ಕೆಟ್ಟುಹೋದ ಎಂದು ಅವರ ದೂರು. ನನ್ನನ್ನು ಕೆಡಿಸಿದವರು ನಿಮ್ಮಪ್ಪ ಕೆಂಚಣ್ಣ ಮೇಷ್ಟ್ರು, ಅವರಿಗಿಂತ ಹೆಚ್ಚಾಗಿ ನೀನು.

ಇಲ್ಲಿ ಒಳ್ಳೆಯ ಕಂಠದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅಳುವ ಹಾಡು ಬೇರೆ, ನಗುವ ಹಾಡು ಬೇರೆ ಎಂದು ತಿಳಿದವರೇ ಎಲ್ಲರೂ. ಬದುಕಿರುವ ಗೌಡನನ್ನು ಎದುರಿಗೆ ಕೂರಿಸಿಕೊಂಡು, ಅವನು ಸತ್ತನೆಂದು ಅತ್ತು ಹಾಡಿದ ಹೆಣ್ಣುಮಗಳೊಬ್ಬಳು ನಮ್ಮ ಕಡೆ ಇದ್ದಾಳೆ, ಮೊದಲು ಹೊಟ್ಟೆ ಹಿಡಿದು ನಕ್ಕ ಗೌಡ ಕೊನೆಗೆ ತನ್ನ ಎದೆ ಮುಟ್ಟಿ ನೋಡಿಕೊಂಡ ಎಂದು ನಿನ್ನ ವಿಷಯ ಮ್ಯಾನೇಜರರಿಗೆ ಹೇಳಿದೆ. ಹಗಲೆಲ್ಲ ಹತ್ತಿ ಬಿಡಿಸುವ ಜಿನ್ನಿನಲ್ಲಿ ದುಡಿಯುತ್ತಾಳೆ, ತಬಲಾ ಡೋಲಕ್ಕು ಏನೂ ಇಲ್ಲ, ಸೀಮೆಎಣ್ಣೆ ಡಬ್ಬಿಯ ಮೇಲೆ ಕಬ್ಬಿಣದ ಪಟ್ಟಿ ಬಾರಿಸಿ ಮಿಷಿನಿನ ಸದ್ದನ್ನೇ ತಾಳ ಮಾಡಿಕೊಂಡಿದ್ದಾಳೆ ಎಂದೆ. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಅವರಿಗೆ ಬೆರಳಿನ ಹಾಡು ಬೇಕಂತೆ. ಪೂರ್ತಿ ಬರೆದು ಕಳಿಸು. ಪ್ಲೇಟಿನ ಮೇಲೆ ಹೆಸರು ನಿನ್ನದೇ ಹಾಕಿಸುತ್ತೇನೆ. ಅದು ನನ್ನ ಮಾತು.

ನಿನ್ನ ತಂಗಿ ಜಂಬಮ್ಮನ ಕೈ ಈಗ ಹೇಗಿದೆ?

ಚಂದ್ರಣ್ಣ


ಆದವಾನಿ
5–12–1954

ಚಂದ್ರಣ್ಣಾರಿಗೆ ಹುಸೇನಮ್ಮ ಮಾಡುವ ಶರಣು.

ನಿಮ್ಮ ಕಾಗದವನ್ನು ಅಪ್ಪನಿಗೂ ಜಂಬಿಗೂ ಓದಿ ಹೇಳಿದೆ. ನಿಮ್ಮನ್ನು ಕೆಡಿಸಿದ ಸುದ್ದಿ ಕೇಳಿ ಅಪ್ಪನಿಗೆ ಬಹಳ ಖುಷಿ.

ಜಂಬಿಯ ಗಾಯ ಮಾಗಿದೆ. ಎಡಗೈಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿತಿದ್ದಾಳೆ, ಗುಂಡಗೆ ಬರುವುದಿಲ್ಲ. "ಇದು ಹೊಸಾ ಆಂಧ್ರದ ನಕಾಶಿ ಐತಿ, ಯಾವ ಕಡಿಯಿಂದರ ಹರ್ಕೊಂಡು ತಿನ್ರಿ" ಎಂದು ಅಪ್ಪನ ತಾಟಿಗೆ ಹಾಕುತ್ತಾಳೆ. ಚನ್ನಬಸಯ್ಯನವರ ಜಿನ್ನಿನಲ್ಲಿ ಅವಳಿಗೆ ಮತ್ತೆ ಮಿಷಿನಿನ ಕೆಲಸ ಕೊಡಲಿಲ್ಲ. ಅಂಗಳದಲ್ಲಿ ಕೂತು ಹತ್ತಿಯ ಕಸ ಆರಿಸುತ್ತಾಳೆ.

ಹಾಡು ನನ್ನೊಬ್ಬಳದಲ್ಲ, ಆದ್ದರಿಂದ ಅವಳನ್ನು ಕೇಳಿದೆ. ಆಸ್ಪತ್ರೆಯಲ್ಲಿ ಅವಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದು ನಿಮಗೆ ನೆನಪಿರಬೇಕು. ಯಾರು ಕರೆದರೂ ತಿರುಗಲಿಲ್ಲ. "ನಿನ್ನ ಬೆರಳು ಹತ್ತಿ ಅಂಡಿಗಿ ಒಳಗ ಕುಂತು ಬೊಂಬಾಯಿಗೆ ಹೋಗ್ಯಾವಲೇ, ನಮ್ಮ ವಂಶದಾಗ ಬೊಂಬಾಯಿ ನೋಡಿದ್ದು ಅವು ಮೂರ" ಎಂದು ನಾನು ಹೇಳಿದ ಮೇಲೆ ತಿರುಗಿ ನೋಡಿದಳು. ಅಲ್ಲೇ ಹುಟ್ಟಿದ ಹಾಡು ಅದು. ಈಗ ಅವಳು ಹೇಳಿದ್ದು ಇಷ್ಟು: "ಕಳಸು. ನನ್ನ ಹೆಸರು ಮಾತ್ರ ತಗಿಬ್ಯಾಡಂತ ಹೇಳು. ಬೆರಳಂಗ ನನ್ನ ಹೆಸರೂ ಊರೂರು ತಿರುಗಲಿ."

ಬರೆದುಕೊಳ್ಳಿ.

ಬೆರಳು ಹೋದಾವ ಜಂಬಿಯ ಬೆರಳು
ಬೊಂಬಾಯಿ ರೈಲಿನಾಗ
ಟಿಕೀಟು ಕೇಳಾಕ ಬಂದಾವ ಕೇಳ್ಯಾನ
ಉಳಿದಾಕಿ ಯಾವ ಊರಾಗ

ಮಿಷಿನಿಗೆ ಹಸಿವಿ ಆಗಿತ್ತು ಅಂತ
ಮಾಲಕ ಹೇಳ್ಯಾನ ಕೇಳಿ
ಉಪ್ಪಿಲ್ಲ ಖಾರಿಲ್ಲ ಉಂಡೈತಿ ಪಾಪ
ಇನ್ನೊಂದು ಕೈ ಐತಿ ನಾಳಿ

ಉಳಿದ ನುಡಿಗಳನ್ನು ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. "ನಾಳಿ" ಆದ ಮೇಲೆ ಡಬ್ಬಿ ನಿಲ್ಲಬೇಕು, ದನಿಯೂ ನಿಲ್ಲಬೇಕು. ಜಂಬಿಯ ಕೈ ಸಿಕ್ಕಿದ ಆ ದಿನ ಮಿಷಿನು ನಿಂತಾಗ ಜಿನ್ನಿನಲ್ಲಿ ಎಷ್ಟು ಹೊತ್ತು ಯಾರೂ ಮಾತಾಡಲಿಲ್ಲವೋ ಅಷ್ಟು ಹೊತ್ತು. ನಗುತ್ತಿದ್ದವರಿಗೆ ತಾವು ಯಾವುದಕ್ಕೆ ನಕ್ಕೆವೆಂದು ಅಲ್ಲಿ ತಿಳಿಯುತ್ತದೆ. ಅದನ್ನು ಮಾತ್ರ ಬಿಡಬೇಡಿ. ನಿಮಗೆ ಹೇಳಬೇಕಾಗಿಲ್ಲ, ಆ ಜಾಗದಲ್ಲಿ ಹಾರ್ಮೋನಿಯಂನಿಂದ ಕೈ ತೆಗೆಯುವುದನ್ನು ಮೊದಲು ಕಂಡುಕೊಂಡವರು ನೀವೇ.

ಹುಸೇನಮ್ಮ


ಮದರಾಸು
20–2–1955

ಹುಸೇನಮ್ಮನಿಗೆ,

ಉತ್ತರ ತಡವಾಯಿತು, ಕೆಲಸ ಜಾಸ್ತಿ. ಹಾಡು ಪ್ಲೇಟಾಗಿದೆ. ಹಾಡಿದವಳು ಇಲ್ಲಿ ನಾಟಕಗಳಲ್ಲಿ ಹೆಸರು ಮಾಡಿದ ಹೆಂಗಸು. ನಿನ್ನನ್ನು ಕರೆಸಬೇಕೆಂದು ನಾನು ಹೇಳಿದೆ, ಅವರಿಗೆ ಪುರಸೊತ್ತು ಇರಲಿಲ್ಲ. ಒಂದೆರಡು ಕಡೆ ಸ್ವಲ್ಪ ತಿದ್ದಬೇಕಾಯಿತು. ಪ್ಲೇಟಿಗೆ ಮೂರು ನಿಮಿಷದ ಮಿತಿ ಇದೆ. ನಡುವೆ ಸುಮ್ಮನೆ ಬಿಟ್ಟರೆ ಕೊಂಡವರು ಪ್ಲೇಟು ಕೆಟ್ಟಿದೆ ಎಂದು ವಾಪಸು ತರುತ್ತಾರಂತೆ. ಇಂಥ ಸಣ್ಣಪುಟ್ಟದ್ದು. ಜನಕ್ಕೆ ಬಹಳ ಹಿಡಿಸಿದೆ.

ನಿನ್ನ ಹೆಸರು ಹಾಕಿಸಿದ್ದೇನೆ.

ಅಪ್ಪನ ಸಿಟ್ಟು ಇಳಿದಿದೆ. ಬಳ್ಳಾರಿಯಿಂದ ಬಂದು ಹೋದರು. ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿದೆ. ನನ್ನನ್ನು ಕೇಳುವವರು ಯಾರು? ಅವರು ಗೊತ್ತು ಮಾಡಿದ್ದಕ್ಕೆ ತಲೆಯಾಡಿಸುವುದು. ಸಮಯ ಬಂದಾಗ ಎಲ್ಲ ಬರೆಯುತ್ತೇನೆ.

ಚಂದ್ರಣ್ಣ


ಆದವಾನಿ
6–3–1955

ಚಂದ್ರಣ್ಣಾರಿಗೆ ಶರಣು.

ನಮ್ಮ ಜಗಲಿಯ ಮೇಲೆ ಒಂದು ವಾರದಿಂದ ನಿಮ್ಮದೇ ಮಾತು. ಹಾಡಿದವಳು ಬೇರೆಯವಳಾದರೆ ಆಗಲಿ, ನನ್ನ ದನಿ ಕೇಳಿದರೆ ಪ್ಲೇಟು ಸೀಳಿಬಿಡುತ್ತಿತ್ತು. ಮೌನ ತೆಗೆದರೆಂದು ಓದಿ ಮೊದಲು ಬೇಸರವಾಯಿತು. ಜಂಬಿಯೇ ಸಮಾಧಾನ ಮಾಡಿದಳು. "ರೊಕ್ಕ ಕೊಟ್ಟು ತಗೊಂಡವರು ಸುಮ್ಮನಿರೋದನ್ನ ಯಾಕ ಕೇಳ್ತಾರಕ್ಕ" ಎಂದಳು.

ತಿದ್ದಿದ್ದು ಯಾವ ಸಾಲು ಎಂದು ಬರೆಯಿರಿ. ನಾನು ಇಲ್ಲಿ ಹಾಡುವಾಗ ಹೇಗೆ ಹಾಡಬೇಕೋ ತಿಳಿಯದು. ಒಂದು ಪ್ಲೇಟು ಕಳಿಸಿದರೆ ಮೈಕ್ ಸೆಟ್ಟಿನ ನಾಗಣ್ಣ ಹಚ್ಚಿ ಕೇಳಿಸುತ್ತೇನೆ ಎಂದಿದ್ದಾನೆ. ಜಂಬಿ ಈಗಲೇ ಓಣಿಗೆಲ್ಲ ಹೇಳಿ ಬಂದಿದ್ದಾಳೆ.

ಮದುವೆಯ ಸುದ್ದಿ ಕೇಳಿ ಅಪ್ಪ ನಿಮಗೆ ಆಶೀರ್ವಾದ ಹೇಳಿದ. ಹುಡುಗಿಗೆ ಹಾಡು ಇಷ್ಟವೇ? ಇಲ್ಲದಿದ್ದರೆ ಮದುವೆಗೆ ಮೊದಲೇ ಕೇಳಿಸಿಬಿಡಿ. ಓಡಿಹೋಗುವವಳು ಆಗಲೇ ಓಡಿಹೋಗಲಿ.

ಹುಸೇನಮ್ಮ


ಆದವಾನಿ
17–4–1955

ಚಂದ್ರಣ್ಣಾರಿಗೆ,

ನಿಮ್ಮ ಕಾಗದ ಬರಲಿಲ್ಲ. ಮೈಯಲ್ಲಿ ಆರಾಮಿಲ್ಲವೋ ಏನೋ ಎಂದು ಚಿಂತೆ. ಮದರಾಸಿನ ನೀರು ಉಪ್ಪು ಎಂದು ಕೇಳಿದ್ದೇವೆ.

ಇಲ್ಲಿ ಈ ವರ್ಷದ ಜಿನ್ನಿನ ಕೆಲಸ ಮುಗಿಯುತ್ತ ಬಂತು. ಮುಂದಿನ ತಿಂಗಳು ಮಾಲಕ ಚನ್ನಬಸಯ್ಯನವರ ಮಗಳ ಮದುವೆ. ಗಂಡಿನ ಕಡೆಯವರು ಬಳ್ಳಾರಿಯ ಹತ್ತಿ ವ್ಯಾಪಾರಸ್ಥರಂತೆ, ನಿಮಗೆ ಗೊತ್ತಿರುವ ಮನೆಯೇ ಇರಬೇಕು. ಜಿನ್ನಿನ ಹೆಂಗಸರಿಗೆಲ್ಲ ಊಟಕ್ಕೆ ಹೇಳಿದ್ದಾರೆ. ಜಂಬಿ ಮೊದಲು ಒಲ್ಲೆನೆಂದಳು, ಆಮೇಲೆ "ಆ ಮಿಷಿನು ನನ್ನ ಉಂಡೈತಿ, ನಾ ಅವರ ಹೋಳಿಗಿ ಉಂಡ್ರ ಸರಿ ಹೋಗ್ತತಿ" ಎಂದು ಒಪ್ಪಿದಳು. ಆ ಗಂಡಿನವರ ಜೊತೆ ನೀವೂ ಬರುವುದಾದರೆ ತಿಳಿಸಿ. ಅಪ್ಪ ನಿಮ್ಮನ್ನು ನೋಡಬೇಕೆನ್ನುತ್ತಾನೆ.

ಹುಸೇನಮ್ಮ


ಆದವಾನಿ
21–5–1955

ಚಂದ್ರಣ್ಣನವರಿಗೆ,

ನೀವು ಮದುವಣಿಗನ ರುಮಾಲು ಕಟ್ಟಿಕೊಂಡು ಹಂದರದಲ್ಲಿ ಕೂತಿದ್ದಿರಿ. ನಾವು ಹತ್ತಿ ಅಂಗಳದಲ್ಲಿ ಊಟಕ್ಕೆ ಕೂತಿದ್ದೆವು. ನಡುವೆ ತೆಂಗಿನ ಗರಿಯ ತಡಿಕೆ ಇತ್ತು, ಅಲ್ಲಲ್ಲಿ ಸಂದು ಇತ್ತು. ನನಗೆ ನೀವು ಕಂಡಿರಿ. ನಿಮಗೆ ನಾವು ಕಂಡೆವೋ ಇಲ್ಲವೋ ತಿಳಿಯದು.

ನಿಮ್ಮನ್ನು ನೋಡಿದಾಗ ನನಗೆ ಸಿಟ್ಟು ಬರಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಹೇಳಲು ನಾಚಿಕೆಯಾಗಿರಬೇಕು, ಮಾಲಕನ ಅಳಿಯ ಆಗುತ್ತೇನೆಂದು ನಮಗೆ ಹೇಗೆ ಬರೆಯುತ್ತಾರೆ, ಆಮೇಲೆ ಮನೆಗೆ ಬಂದೇ ಬರುತ್ತಾರೆ ಎಂದುಕೊಂಡೆ. ಜಂಬಿಗೂ ಹಾಗೇ ಹೇಳಿದೆ.

ಎಲೆಗೆ ಅನ್ನ ಬೀಳುವ ಹೊತ್ತಿಗೆ ನಾಗಣ್ಣ ಮೈಕಿನಲ್ಲಿ ಕೂಗಿದ. "ನಮ್ಮ ಆದವಾನಿ ಹುಸೇನಮ್ಮ ಕಟ್ಟಿದ ಹಾಡು, ಮದರಾಸಿನ ಪ್ಲೇಟು, ಕೇಳ್ರಿ." ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಜಂಬಿ ಎದ್ದು ನಿಂತುಬಿಟ್ಟಳು. ಅವಳ ಮುಖ ಆಗ ಹೇಗಿತ್ತೆಂದು ನಾನು ಬರೆಯಲಾರೆ.

ಮೊದಲನೆಯ ನುಡಿ ನಮ್ಮದೇ ಬಂತು. ಆಮೇಲೆ ಇದು ಬಂತು.

ಉಡಿಯಾಗ ಹತ್ತಿ ಕದ್ದಾಳ ಜಂಬಿ
ಮಾಲಕ ಕಾಣದಂಗ
ಪೊಲೀಸು ಬ್ಯಾಡ ಅಂದೀತು ಮಿಷಿನು
ನಾನ ಕಡಿತೀನಿ ಹಿಂಗ

ಅದರ ಮೇಲೆ ನಾಕಾರು ಮಂದಿ ಸೇರಿ ನಗುವ ಸದ್ದು. ನಾವು ಸುಮ್ಮನಿರುತ್ತಿದ್ದ ಜಾಗದಲ್ಲಿ ಆ ನಗುವನ್ನು ತುಂಬಿದ್ದಾರೆ. ಹಂದರದ ಕಡೆಯವರೂ ನಕ್ಕರು. ಚನ್ನಬಸಯ್ಯನವರು ಮತ್ತೊಮ್ಮೆ ಹಚ್ಚಲು ಹೇಳಿದರು. ನೀವು ತಲೆ ಬಗ್ಗಿಸಿಕೊಂಡು ಅಕ್ಷತೆ ಕಾಳನ್ನು ಬೆರಳಿನಲ್ಲಿ ಆಡಿಸುತ್ತಿದ್ದಿರಿ.

ಜಂಬಿ ನಿಂತೇ ಇದ್ದಳು. ಎರಡನೆಯ ಸಲವೂ ಪೂರ್ತಿ ಕೇಳಿದಳು. ಆಮೇಲೆ ಊಟ ಬಿಟ್ಟು ಹೊರಟಳು. ನಾನು ಹಿಂದೆ ಓಡಿದೆ. ಅಂಗಡಿ ಬೀದಿಯಲ್ಲಿ ಯಾರೋ ಆಗಲೇ ತೆಲುಗಿನಲ್ಲಿ "ಏಮ್ ಜಂಬಮ್ಮಾ, ವೇಳ್ಳು ಎಕ್ಕಡ ದಾಚಿನಾವು" ಎಂದು, ಬೆರಳು ಎಲ್ಲಿ ಬಚ್ಚಿಟ್ಟೆ ಎಂದು ಕೇಳಿದ. ಅವಳು ನಡಿಗೆ ಜೋರು ಮಾಡಿದಳು.

ಮನೆಗೆ ಬಂದ ಮೇಲೆ ನನ್ನನ್ನು ನೋಡಿ ಹೇಳಿದಳು. "ಒಂದು ಸಲ ಮಿಷಿನು ನನ್ನ ಕೈ ತಿಂತು. ಆ ಕೈಯನ್ನ ನೀ ತಗೊಂಡು ಹೋಗಿ ಅವರಿಗೆ ಮಾರಿದಿ."

"ನಾ ಹಂಗ ಬರದಿಲ್ಲಲೇ. ಅದು ನನ್ನ ಮಾತಲ್ಲ."

"ನಿನ್ನ ಹೆಸರು ಕೂಗಿದನಲ್ಲ."

ಹೆಸರು ಹಾಕಿಸುತ್ತೇನೆಂದು ನೀವು ಕೊಟ್ಟ ಮಾತನ್ನು ಉಳಿಸಿಕೊಂಡಿದ್ದೀರಿ. ಆ ಸಾಲು ನನ್ನದಲ್ಲವೆಂದು ನಾನು ಉರುಕುಂದ ಈರಣ್ಣ ದೇವರ ಮೇಲೆ ಆಣೆ ಇಟ್ಟೆ. ಜಂಬಿ ಕೇಳದೆ ಬಟ್ಟೆ ಕಟ್ಟಿಕೊಂಡು ಆಸ್ಪರಿ ಬಸ್ಸು ಹತ್ತಿದಳು. ಅಲ್ಲಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮ ವೆಂಕಮ್ಮ ಇದ್ದಾಳೆ.

ಈ ಸಾಲುಗಳನ್ನು ಬರೆದವರು ಯಾರು ಎಂದು ನನಗೆ ತಿಳಿಸಿ.

ಹುಸೇನಮ್ಮ


ಮದರಾಸು
8–6–1955

ಹುಸೇನಮ್ಮನಿಗೆ,

ನಿನ್ನ ಕಾಗದ ಓದಿ ಮನಸ್ಸಿಗೆ ಬಹಳ ನೋವಾಯಿತು. ಮದುವೆಯ ಗಡಿಬಿಡಿಯಲ್ಲಿ ನಿಮ್ಮ ಮನೆಗೆ ಬರಲಾಗಲಿಲ್ಲ. ಆ ಪ್ಲೇಟನ್ನು ಅಲ್ಲಿ ಹಚ್ಚುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಕಂಪನಿಯ ಕೆಲಸವೆಂದರೆ ನಿನಗೆ ತಿಳಿಯದು. ಒಂದು ಹಾಡು ಹತ್ತು ಜನರ ಕೈ ದಾಟುತ್ತದೆ. ಅಲ್ಲಿ ಹಾಡು ಬರೆಯುವವರೇ ಬೇರೆ ಇದ್ದಾರೆ. ಮಾಲಕರನ್ನು ಆಡಿಕೊಳ್ಳುವ ಸಾಲು ಇದ್ದರೆ ಪ್ಲೇಟು ಹೊರಗೆ ಬರುವುದಿಲ್ಲ ಎಂದರು. ಹಾಡೇ ಇಲ್ಲದಂತಾಗುವುದಕ್ಕಿಂತ ಅರ್ಧವಾದರೂ ಉಳಿಯಲಿ ಎಂದುಕೊಂಡೆ. ಊರಿನವರ ಮಾತಿಗೆ ಎಷ್ಟು ದಿನದ ಆಯುಷ್ಯ? ಜಂಬಮ್ಮ ಚಿಕ್ಕ ಹುಡುಗಿ, ಮರೆಯುತ್ತಾಳೆ.

ಇನ್ನೊಂದು ಮಾತು. ನಿನ್ನ ಹೆಸರು ಇಲ್ಲಿ ನಾಕು ಜನರಿಗೆ ಗೊತ್ತಾಗಿದೆ. ಮಳೆಗಾಲ ಕಳೆದ ಮೇಲೆ ನಿನ್ನನ್ನೇ ಕರೆಸಿ ಹಾಡಿಸಬೇಕೆಂದು ಮ್ಯಾನೇಜರರು ಹೇಳುತ್ತಿದ್ದಾರೆ. ಯೋಚನೆ ಮಾಡು. ಗೌಡ ಸತ್ತನೆಂದು ಅತ್ತ ಹಾಡು ಬರೆದು ಕಳಿಸಿದರೂ ಆದೀತು.

ಚಂದ್ರಣ್ಣ


ಆದವಾನಿ
19–6–1955

ಚಂದ್ರಣ್ಣನವರಿಗೆ,

ಕಂಪನಿಯಲ್ಲಿ ಹಾಡು ಬರೆಯುವವರು ನಮ್ಮ ಜಿನ್ನನ್ನು ನೋಡಿದವರಲ್ಲ. ಹೆಂಗಸರು ಹೊರಗೆ ಬರುವಾಗ ಬಾಗಿಲ ಬಳಿ ಉಡಿ ಜಾಡಿಸಿ ತೋರಿಸಬೇಕೆಂಬುದು ಅವರಿಗೆ ಹೇಗೆ ಗೊತ್ತು? ಅದನ್ನು ನೋಡಿ ನಿಮಗೆ ಎಷ್ಟು ಸಂಕಟವಾಯಿತೆಂದು ಒಮ್ಮೆ ನಮ್ಮ ಜಗಲಿಯಲ್ಲಿ ಕೂತು ಹೇಳಿದ್ದಿರಿ. "ಹಿಂಗ" ಎಂದು ಸಾಲನ್ನು ಮುಗಿಸುವುದೂ ನಿಮ್ಮ ರೂಢಿ. ಆ ಸಾಲುಗಳು ನಿಮ್ಮವು. ಮದುವೆ ಗೊತ್ತಾದ ಮೇಲೆ ಬರೆದದ್ದೋ ಮೊದಲೇ ಬರೆದದ್ದೋ ನಾನು ಕೇಳುವುದಿಲ್ಲ.

ಮದರಾಸಿಗೆ ಬರುವುದಿಲ್ಲ. ಹಾಡು ಕಳಿಸುವುದಿಲ್ಲ. ನಿಮ್ಮಿಂದ ಒಂದೇ ಕೆಲಸ ಆಗಬೇಕು. ಜಂಬಿಗೆ ಒಂದು ಕಾರ್ಡು ಬರೆಯಿರಿ. ಆ ಹಳ್ಳಿಯ ಶಾಲೆಯ ಮೇಷ್ಟ್ರು ಓದಿ ಹೇಳುತ್ತಾರೆ. ಕಳ್ಳಿ ಎಂದು ಬರೆದದ್ದು ನಾನು, ನಿಮ್ಮಕ್ಕನಲ್ಲ ಎಂದಿದ್ದರೆ ಸಾಕು. ಕ್ಷಮೆ ಕೇಳಬೇಕಾಗಿಲ್ಲ.

ವೆಂಕಮ್ಮನ ಮನೆಯ ವಿಳಾಸ ಕೆಳಗಿದೆ.

ಹುಸೇನಮ್ಮ


ಮದರಾಸು
30–8–1955

ಹುಸೇನಮ್ಮನಿಗೆ,

ನಿನ್ನ ಕಾಗದ ತಲುಪಿತು. ಜಂಬಮ್ಮನಿಗೆ ಬರೆಯಬೇಕೆಂದು ಎಷ್ಟೋ ಸಲ ಕೂತೆ. ಬರಹದಲ್ಲಿ ಇಂಥದ್ದು ಹೇಳುವುದು ಕಷ್ಟ. ಅದೂ ಮೇಷ್ಟ್ರು ಎಲ್ಲರ ಮುಂದೆ ಓದುತ್ತಾರೆ, ಅಲ್ಲಿಂದ ಆದವಾನಿಗೆ ಸುದ್ದಿ ಬರಲು ಎಷ್ಟು ಹೊತ್ತು? ಮಾವನವರು ಮೊದಲೇ ನನ್ನ ಹಾರ್ಮೋನಿಯಂ ಬಗ್ಗೆ ಸುಮುಖರಾಗಿಲ್ಲ. ದೀಪಾವಳಿಗೆ ಬಂದಾಗ ನಾನೇ ಆಸ್ಪರಿಗೆ ಹೋಗಿ ಬಾಯಿಂದ ಹೇಳುತ್ತೇನೆ.

ಅವಳಿಗೆಂದು ಒಂದು ಸೀರೆ ಕಳಿಸಿದ್ದೇನೆ. ಯಾರು ಕೊಟ್ಟರೆಂದು ಹೇಳಬೇಡ.

ಚಂದ್ರಣ್ಣ


ಆದವಾನಿ
26–11–1955

ಹುಸೇನಮ್ಮನಿಗೆ,

ನಾನೀಗ ಆದವಾನಿಯಲ್ಲೇ ಇದ್ದೇನೆ. ಮದರಾಸಿನ ಕೆಲಸ ಬಿಟ್ಟೆ. ಮಾವನವರ ಜಿನ್ನಿನ ವ್ಯವಹಾರ ನೋಡಿಕೊಳ್ಳಬೇಕಂತೆ. ನಿಮ್ಮ ಓಣಿಗೆ ನಾನು ಬಂದರೆ ಮಾತು ಹಬ್ಬುತ್ತದೆಂದು ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ದೀಪಾವಳಿಗೆ ಆಸ್ಪರಿಗೆ ಹೋಗಲು ಆಗಲಿಲ್ಲ. ಅದಿರಲಿ. ನೀನು ನನ್ನ ಮೇಲೆ ಒಂದು ಹಾಡು ಕಟ್ಟಿದ್ದೀಯಂತೆ, ಜಿನ್ನು ಶುರುವಾದೊಡನೆ ಹೆಂಗಸರು ಅದನ್ನು ಹಾಡುತ್ತಾರಂತೆ ಎಂದು ನಮ್ಮ ಗುಮಾಸ್ತ ಹೇಳಿದ. ನಾನು ಸತ್ತೆನೆಂದು ಅಳುವ ಹಾಡೇ? ನನ್ನ ಹೆಂಡತಿ ಬಸುರಿ. ಅಂಥದ್ದು ಅವಳ ಕಿವಿಗೆ ಬೀಳಬಾರದು. ನಮ್ಮ ಹಳೆಯ ಸ್ನೇಹದ ಮೇಲೆ ಕೇಳುತ್ತೇನೆ, ಅದನ್ನು ಹಾಡಬೇಡ. ಮೊದಲು ನನಗೆ ಬರೆದು ಕಳಿಸು. ನೋಡುತ್ತೇನೆ.

ಚಂದ್ರಣ್ಣ


ಆದವಾನಿ
4–12–1955

ಶ್ರೀ ಚಂದ್ರಣ್ಣನವರಿಗೆ,

ಸೀರೆ ನಮ್ಮಲ್ಲೇ ಇತ್ತು. ಈ ಕಾಗದದ ಜೊತೆ ವಾಪಸು ಕಳಿಸಿದ್ದೇನೆ.

ಶೇಂಗಾ ಕೀಳುವ ಕಾಲಕ್ಕೆ ನಾನೇ ಆಸ್ಪರಿ ಕಡೆಗೆ ಹೋಗಿದ್ದೆ. ಜಂಬಿ ಹೊಲದಲ್ಲಿದ್ದಳು. ಬದುವಿನ ಮೇಲೆ ನಿಂತೆ, ಅವಳು ನೋಡಿದಳು, ಕರೆಯಲಿಲ್ಲ. ಹೊತ್ತು ಇಳಿಯುವಾಗ ಆಳುಗಳೆಲ್ಲ ಬುಟ್ಟಿ ಹೊತ್ತು ಬಂದರು. ಒಬ್ಬಾಕೆ, ಗಾದಿಲಿಂಗಮ್ಮ ಎಂದು ಹೆಸರು, ಎಲ್ಲರಿಗೂ ಕೇಳುವಂತೆ "ಜಂಬಮ್ಮ, ಉಡಿ ಜಾಡಿಸಿ ಹೋಗವ್ವ, ನಿನ್ನ ಹಾಡು ನಮಗೂ ಬರ್ತತಿ" ಎಂದಳು. ಹೆಂಗಸರು ನಕ್ಕರು. ಆ ಹಳ್ಳಿಗೂ ಪ್ಲೇಟು ಬಂದಿದೆ.

ಜಂಬಿ ಬುಟ್ಟಿ ಇಳಿಸಿದಳು. ಉಡಿ ಬಿಚ್ಚಿ ಜಾಡಿಸಿದಳು. ಆಮೇಲೆ ಆ ಬಲಗೈ ಎತ್ತಿ ಗಾದಿಲಿಂಗಮ್ಮನ ಮುಖದ ಮುಂದೆ ಹಿಡಿದಳು. "ಮೂರು ಬೆರಳು ಮುಂಗಡ ಕೊಟ್ಟೀನಿ ನಾನು. ಇನ್ನ ಸ್ವಲ್ಪ ದಿನ ಕದಿಯಾಕ ನನಗ ಹಕ್ಕೈತಿ. ನೀ ಏನು ಕೊಟ್ಟು ಕದಿತಿ?"

ಯಾರೂ ನಗಲಿಲ್ಲ. ಗಾದಿಲಿಂಗಮ್ಮ ಆ ಕೈಯನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲವೆಂದು ಕಾಣುತ್ತದೆ. ಅವಳು ಕೆಳಗಿದ್ದ ಬುಟ್ಟಿಯನ್ನು ತಾನೇ ಎತ್ತಿ ಜಂಬಿಯ ತಲೆಯ ಮೇಲೆ ಇಟ್ಟಳು.

ಮನೆಯ ದಾರಿಯಲ್ಲಿ ನಾನು ಅವಳ ಹಿಂದೆ ನಡೆದೆ. ಬಹಳ ದೂರ ಹೋದ ಮೇಲೆ ಕೇಳಿದಳು.

"ಆತ ಏನರ ಬರದಾನೇನು?"

"ಇಲ್ಲ."

"ಬರಿಯಂಗಿಲ್ಲ ಬಿಡು. ನೀ ಮಾಡಿದ್ದಲ್ಲ ಅಂತ ನನಗ ಗೊತ್ತೈತಿ. ಮೊದಲ ಗೊತ್ತಿತ್ತು. ಸಿಟ್ಟು ಮಾಡಾಕ ನನಗ ಮತ್ಯಾರು ಸಿಗಬೇಕು? ಆತ ಹಂದರದಾಗ ಕುಂತಿದ್ದ."

ಆದವಾನಿಗೆ ಬಾ ಎಂದು ಕರೆದೆ. ಬರುವುದಿಲ್ಲ ಎಂದಳು. ಅಲ್ಲಿಯ ಹೊಲದ ಕೆಲಸ ಅವಳ ಕೈಗೆ ಒಗ್ಗಿದೆಯಂತೆ. ನಾನು ಬಸ್ಸು ಹತ್ತುವಾಗ ಒಂದು ಮಾತು ಹೇಳಿದಳು. "ಇನ್ನ ನನ್ನ ಮ್ಯಾಲ ಹಾಡು ಕಟ್ಟಬ್ಯಾಡಕ್ಕ." ಕಟ್ಟುವುದಿಲ್ಲ ಎಂದು ಒಪ್ಪಿಕೊಂಡು ಬಂದೆ. ಬೆರಳಿನ ಹಾಡನ್ನೂ ಬಿಟ್ಟಿದ್ದೇನೆ. ಜಿನ್ನಿನ ಹೆಂಗಸರು ಕೇಳಿದರೂ ಹಾಡುವುದಿಲ್ಲ. ಈಗ ಅದನ್ನು ಯಾರು ಎಲ್ಲಿ ಎತ್ತಿಕೊಂಡರೂ ನಿಮ್ಮ ಸಾಲೇ ಮೊದಲು ಬರುತ್ತದೆ.

ಇನ್ನು ನೀವು ಕೇಳಿದ ವಿಷಯ. ನಿಮ್ಮ ಗುಮಾಸ್ತ ಹೇಳಿದ್ದು ಸುಳ್ಳು. ಆದರೆ ನಾನು ಪ್ರಯತ್ನ ಮಾಡಲಿಲ್ಲವೆಂದು ತಿಳಿಯಬೇಡಿ. ದೀಪಾವಳಿ ಕಳೆದು, ನೀವು ಆಸ್ಪರಿಗೆ ಹೋಗಲಿಲ್ಲವೆಂದು ತಿಳಿದ ಮೇಲೆ, ಒಂದು ಮಧ್ಯಾಹ್ನ ನಿಮ್ಮ ಹೆಸರು ಇಟ್ಟುಕೊಂಡು ಜಗಲಿಯಲ್ಲಿ ಕೂತೆ. ಅಪ್ಪ ಒಳಗಿನಿಂದ ನೋಡುತ್ತಿದ್ದ. ತಂಗಿಯ ಕೈ ರಕ್ತದಲ್ಲಿದ್ದಾಗಲೂ ನನಗೆ ನಗುವ ಮಾತು ಸಿಕ್ಕಿತ್ತು. ನಿಮ್ಮ ವಿಷಯದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ನಗು ಬರದಿದ್ದರೆ ನನಗೆ ಹಾಡು ಕಟ್ಟಲು ಬರುವುದಿಲ್ಲ.

ಆದ್ದರಿಂದ ಹೆಂಡತಿಗೆ ಧೈರ್ಯ ಹೇಳಿ. ಆದವಾನಿಯಲ್ಲಿ ನಿಮ್ಮ ಮೇಲೆ ಹಾಡಿಲ್ಲ.

ಹುಸೇನಮ್ಮ